ನೀಲಿ ಬಯಲಿನ ನಾಯಕ

ಅಮೆರಿಕದ ಮೂಲನಿವಾಸಿಗಳ ನಾಯಕ ಜೋಸೆಫನ ಹೆಸರನ್ನು ನಾನು ಮೊದಲು ಕಂಡದ್ದು ಜಗತ್ತಿನ ಪ್ರಸಿದ್ಧ ಭಾಷಣಗಳ ಸಂಕಲನವೊಂದರಲ್ಲಿ. ಸೋತು ಶರಣಾದ ದಿನ ಅವನು ಆಡಿದನೆಂದು ಹೇಳಲಾಗುವ ನಾಲ್ಕು ಮಾತುಗಳು ಅಲ್ಲಿ ಅಚ್ಚಾಗಿದ್ದುವು. ಪಾಠ ಹೇಳುತ್ತಿದ್ದ ದಿನಗಳಲ್ಲಿ ನಾನು ಅವನ್ನು ತರಗತಿಯಲ್ಲಿ ಎಷ್ಟೋ ಸಲ ಓದಿದ್ದೇನೆ. ಓದಿ ಮುಗಿಸಿದಾಗ ಕೊಠಡಿಯಲ್ಲಿ ಮೌನ ಕವಿಯುತ್ತಿತ್ತು. ಒಮ್ಮೆ ಮಾತ್ರ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, ಈ ಜನ ಏನನ್ನು ತಿಂದು ಬದುಕುತ್ತಿದ್ದರು ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಬೇಟೆಯಾಡುತ್ತಿದ್ದಿರಬೇಕು ಎಂದು ಏನೋ ಹೇಳಿ ಮುಂದಿನ ಪಾಠಕ್ಕೆ ಹೋದೆ.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಉತ್ತರವನ್ನು ಅರಸುತ್ತ ಜೋಸೆಫನ ಚರಿತ್ರೆಯನ್ನು ಮತ್ತೆ ಓದಿದಾಗ, ಅದರ ಒಂದೊಂದು ತಿರುವಿನಲ್ಲಿಯೂ ಒಂದು ಗೆಡ್ಡೆಯ ಬಯಲು ಇರುವುದನ್ನು ಕಂಡು ಬೆರಗಾದೆ. ಯುದ್ಧದ ಕಥೆಯೆಂದು ನಾವು ಓದುವುದು ನಿಜವಾಗಿ ಒಂದು ಅನ್ನದ ಕಥೆ. ಆ ಅನ್ನದ ಕಡೆಯಿಂದಲೇ ಅವನ ಜೀವನವನ್ನು ವಾಚಕರ ಮುಂದಿಡಬೇಕೆಂಬುದು ನನ್ನ ಆಸೆ.

ಆ ಗೆಡ್ಡೆಯ ಹೆಸರು ಕ್ಯಾಮಸ್. ಸಸ್ಯಶಾಸ್ತ್ರಜ್ಞರು ಅದನ್ನು ಕ್ಯಾಮಾಸಿಯಾ ಕ್ವಾಮಾಶ್ ಎನ್ನುತ್ತಾರೆ. ಉತ್ತರ ಅಮೆರಿಕದ ವಾಯವ್ಯ ಭಾಗದಲ್ಲಿ, ಹಿಮ ಕರಗಿ ನೀರು ನಿಲ್ಲುವ ಹುಲ್ಲುಬಯಲುಗಳಲ್ಲಿ ಅದು ತಾನಾಗಿ ಬೆಳೆಯುತ್ತದೆ. ಒಂದೆರಡು ಅಡಿ ಎತ್ತರದ ದಂಟು, ತುದಿಯಲ್ಲಿ ಆರು ಎಸಳಿನ ನೀಲಿ ಹೂಗಳು, ನೆಲದೊಳಗೆ ಸಣ್ಣ ಈರುಳ್ಳಿಯಂತಹ ಗೆಡ್ಡೆ. ಹಸಿಯ ಗೆಡ್ಡೆ ಮನುಷ್ಯನಿಗೆ ಸರಿಯಾಗಿ ಜೀರ್ಣವಾಗುವುದಿಲ್ಲ. ಅದರಲ್ಲಿರುವ ಇನ್ಯುಲಿನ್ ಎಂಬ ಪದಾರ್ಥ ದೀರ್ಘಕಾಲ ಬೆಂದರೆ ಮಾತ್ರ ಸಕ್ಕರೆಯಾಗಿ ಮಾರ್ಪಡುತ್ತದೆ. ಈ ಗುಟ್ಟನ್ನು ರಸಾಯನಶಾಸ್ತ್ರ ಹುಟ್ಟುವ ಎಷ್ಟೋ ಕಾಲದ ಮೊದಲೇ ಆ ನಾಡಿನ ಹೆಂಗಸರು ಅರಿತಿದ್ದರು. ಗುಂಡಿ ತೋಡಿ, ಅದರಲ್ಲಿ ಬೆಂಕಿ ಮಾಡಿ, ಕಲ್ಲುಗಳನ್ನು ಕೆಂಪಗೆ ಕಾಯಿಸಿ, ಮೇಲೆ ಒದ್ದೆ ಹುಲ್ಲು ಹಾಸಿ, ಗೆಡ್ಡೆಗಳನ್ನು ಸುರಿದು, ಮತ್ತೆ ಹುಲ್ಲೂ ಮಣ್ಣೂ ಮುಚ್ಚಿ ಒಂದೆರಡು ದಿನ ಬೇಯಗೊಡುತ್ತಿದ್ದರು. ತೆಗೆದಾಗ ಗೆಡ್ಡೆ ಕಪ್ಪಗಾಗಿ, ಕೆಂಡದಲ್ಲಿ ಸುಟ್ಟ ಗೆಣಸಿನ ಹಾಗೆ ಮೆತ್ತಗೆ, ಸಿಹಿಯಾಗಿ ಇರುತ್ತಿತ್ತು. ಅದನ್ನು ಒಣಗಿಸಿ, ಕುಟ್ಟಿ, ರೊಟ್ಟಿ ತಟ್ಟಿ ಚಳಿಗಾಲಕ್ಕೆ ಕೂಡಿಡುತ್ತಿದ್ದರು.

ಇದು ಕಾಡಿನಿಂದ ಬಾಚಿಕೊಳ್ಳುವ ಕೆಲಸವಾಗಿರಲಿಲ್ಲ. ತುದಿ ಬಾಗಿದ ಅಗೆಯುವ ಕೋಲಿನಿಂದ ಮಣ್ಣನ್ನು ಮೀಟಿ, ದೊಡ್ಡ ಗೆಡ್ಡೆಯನ್ನು ತೆಗೆದುಕೊಂಡು, ಚಿಕ್ಕದನ್ನು ಮರಳಿ ನೆಲಕ್ಕೆ ಸೇರಿಸುತ್ತಿದ್ದರು. ಕ್ಯಾಮಸ್ಸಿನ ನಡುವೆಯೇ ಬೆಳೆಯುವ ಇನ್ನೊಂದು ವಿಷದ ಗೆಡ್ಡೆಯುಂಟು. ಅದರ ಹೂ ಕೆನೆಬಿಳುಪು. ಹೂವಿನ ಕಾಲದಲ್ಲಿ ಗುರುತು ಹಿಡಿಯದಿದ್ದರೆ ಎರಡನ್ನೂ ಬೇರ್ಪಡಿಸುವುದು ಕಷ್ಟ. ಯಾವ ಬಯಲಿಗೆ ಯಾವಾಗ ಹೋಗಬೇಕು, ಏನನ್ನು ಬಿಡಬೇಕು, ಏನನ್ನು ತೆಗೆಯಬೇಕು ಎಂಬ ಅರಿವು ತಾಯಿಯಿಂದ ಮಗಳಿಗೆ ಇಳಿದು ಬಂದ ಆಸ್ತಿ. ಬೇಲಿಯಿಲ್ಲ, ನೇಗಿಲ ಸಾಲಿಲ್ಲ; ಆದರೂ ಅದು ತಲೆಮಾರುಗಳ ಕೈ ಪಳಗಿಸಿದ ತೋಟ.

ಈ ತೋಟದ ಅತಿಥಿಗಳಾಗಿಯೇ ಬಿಳಿಯರು ಮೊದಲು ಅಲ್ಲಿಗೆ ಬಂದರು. 1805ರ ಸೆಪ್ಟೆಂಬರ್ 20ರಂದು ವಿಲಿಯಂ ಕ್ಲಾರ್ಕನೂ ಅವನ ಕೆಲವು ಸಂಗಡಿಗರೂ ಬಿಟರ್‌ರೂಟ್ ಪರ್ವತಗಳನ್ನು ದಾಟಿ, ಹಸಿವಿನಿಂದ ಕಂಗೆಟ್ಟು, ಇಂದಿನ ಐಡಾಹೊ ಸಂಸ್ಥಾನದ ವೀಯೈಪ್ ಬಯಲಿಗೆ ಇಳಿದರು. ಅಲ್ಲಿ ಗೆಡ್ಡೆ ಅಗೆಯುತ್ತಿದ್ದವರು ನಿಮೀಪೂ ಜನ. ಫ್ರೆಂಚ್ ವ್ಯಾಪಾರಿಗಳು ಅವರಿಗೆ ಮೂಗು ಚುಚ್ಚಿಸಿಕೊಂಡವರು ಎಂಬರ್ಥದ ನೆಜ್ ಪರ್ಸ್ ಎಂಬ ಹೆಸರಿಟ್ಟರು. ಲೋಕದಲ್ಲಿ ಆ ಹೆಸರೇ ನಿಂತಿತು. ನಿಮೀಪೂ ಜನ ಬಂದವರಿಗೆ ಒಣಮೀನನ್ನೂ ಕ್ಯಾಮಸ್ ರೊಟ್ಟಿಯನ್ನೂ ಇಕ್ಕಿದರು. ಹಸಿದವರು ಮಿತಿಮೀರಿ ತಿಂದು ಹೊಟ್ಟೆ ಕೆಡಿಸಿಕೊಂಡದ್ದೂ ಅವರ ದಿನಚರಿಯಲ್ಲಿಯೇ ದಾಖಲಾಗಿದೆ. ಮರುವರ್ಷ ಜೂನ್ ತಿಂಗಳಲ್ಲಿ ಹಿಂದಿರುಗುವಾಗ ಮೆರಿವೆದರ್ ಲೂಯಿಸ್ ಹೂಬಿಟ್ಟ ಬಯಲನ್ನು ದೂರದಿಂದ ನೋಡಿ, ಅದನ್ನು ತಿಳಿನೀರಿನ ಸರೋವರವೆಂದೇ ಭ್ರಮಿಸುವಂತಿತ್ತೆಂದು ಬರೆದಿಟ್ಟನು. ಅವನು ಅಂದು ಕಿತ್ತು ಒಣಗಿಸಿದ ಮಾದರಿಯಿಂದಲೇ ಫ್ರೆಡರಿಕ್ ಪುರ್ಷ್ ಎಂಬ ವಿದ್ವಾಂಸ 1814ರಲ್ಲಿ ಆ ಗಿಡಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದನು. ಊಟವಿಕ್ಕಿದವರ ಮೊಮ್ಮಕ್ಕಳ ಕಾಲಕ್ಕೆ ಆ ಬಯಲು ಅವರ ಕೈತಪ್ಪಿತು.

ಜೋಸೆಫ್ ಹುಟ್ಟಿದ್ದು 1840ರಲ್ಲಿ, ಇಂದಿನ ಆರೆಗಾನ್ ಸಂಸ್ಥಾನದ ವಲ್ಲೋವಾ ಕಣಿವೆಯ ಸೀಮೆಯಲ್ಲಿ. ತನ್ನವರಲ್ಲಿ ಅವನಿಗಿದ್ದ ಹೆಸರಿಗೆ ಬೆಟ್ಟದಿಂದ ಉರುಳಿ ಬರುವ ಗುಡುಗು ಎಂಬರ್ಥ. ತಂದೆ ಟುಎಕಾಕಸ್ ಅಲ್ಲಿನ ಪಂಗಡದ ನಾಯಕ. ಲ್ಯಾಪ್‌ವೈಯಲ್ಲಿ 1836ರಲ್ಲಿ ನೆಲೆಯೂರಿದ್ದ ಪಾದ್ರಿ ಹೆನ್ರಿ ಸ್ಪಾಲ್ಡಿಂಗನಿಂದ ದೀಕ್ಷೆ ಪಡೆದು ಜೋಸೆಫ್ ಎಂಬ ಕ್ರೈಸ್ತನಾಮವನ್ನು ಧರಿಸಿದ್ದನು. ಮಗನಿಗೂ ಅದೇ ಹೆಸರು ಬಂದಿತು. ಸ್ಪಾಲ್ಡಿಂಗ್ ಸುವಾರ್ತೆಯ ಜೊತೆಗೆ ಗುದ್ದಲಿಯನ್ನೂ ಬಿತ್ತನೆಯ ಬೀಜವನ್ನೂ ಹಂಚಿದನು. ಒಂದೆಡೆ ನಿಂತು ಉಳುವುದೇ ನಾಗರಿಕತೆ, ಋತುವಿಗೊಂದು ಬಯಲಿಗೆ ಹೋಗುವುದು ಅಲೆಮಾರಿತನ ಎಂಬುದು ಅವನ ನಂಬಿಕೆ. ಅವನೇನೂ ಕೆಟ್ಟ ಮನುಷ್ಯನಲ್ಲ. ಕಣ್ಣೆದುರಿಗಿದ್ದ ಬೇಸಾಯ ಅವನಿಗೆ ಬೇಸಾಯವೆಂದು ಕಾಣಲಿಲ್ಲ, ಅಷ್ಟೆ. ಆ ಒಂದು ಕುರುಡು ಮುಂದೆ ಕಾನೂನಿನ ಭಾಷೆಯಾಯಿತು.

1855ರಲ್ಲಿ ವಲ್ಲಾ ವಲ್ಲಾ ಎಂಬಲ್ಲಿ ಗವರ್ನರ್ ಐಸಾಕ್ ಸ್ಟೀವನ್ಸ್ ನಡೆಸಿದ ಒಪ್ಪಂದಕ್ಕೆ ಟುಎಕಾಕಸ್ ಸಹಿ ಹಾಕಿದನು. ಸುಮಾರು 75 ಲಕ್ಷ ಎಕರೆಯ ನಾಡು ನಿಮೀಪೂ ಜನರಿಗೆ ಉಳಿಯಿತು, ವಲ್ಲೋವಾ ಅದರೊಳಗಿತ್ತು. ಗೆಡ್ಡೆ ಗೆಣಸುಗಳನ್ನು ತೆಗೆಯುವ ಹಕ್ಕನ್ನು ಆ ಒಪ್ಪಂದ ಮರೆತಿರಲಿಲ್ಲ. ಮೀಸಲಿನ ಹೊರಗೂ ಬೇರು, ಹಣ್ಣುಗಳನ್ನು ಸಂಗ್ರಹಿಸಬಹುದೆಂದು ಅದರಲ್ಲಿ ಬರೆದಿತ್ತು. ಆದರೆ ಯಾರೂ ಹಕ್ಕು ಹೇಳದ ತೆರೆದ ಭೂಮಿಯಲ್ಲಿ ಮಾತ್ರ ಎಂಬ ಷರತ್ತು ಜೊತೆಗಿತ್ತು. ಆ ಷರತ್ತನ್ನು ನಿಧಾನವಾಗಿ ಓದಿ ನೋಡಿದರೆ ಅದರ ಪರಿಣಾಮ ತಿಳಿಯುತ್ತದೆ. ಬಿಳಿಯನೊಬ್ಬ ಬಂದು ಬೇಲಿ ಹಾಕಿದ ದಿನವೇ ಆ ಬಯಲು ತೆರೆದ ಭೂಮಿಯಾಗಿ ಉಳಿಯದು. ಅಲ್ಲಿ ಅಜ್ಜಿಯ ಕಾಲದಿಂದ ಅಗೆಯುತ್ತಿದ್ದವಳು ಮರುದಿನ ಅತಿಕ್ರಮಣ ಮಾಡಿದವಳಾಗುತ್ತಾಳೆ.

1860ರಲ್ಲಿ ಆ ಮೀಸಲಿನೊಳಗೆ ಚಿನ್ನ ಸಿಕ್ಕಿತು. ಸಾವಿರಾರು ಜನ ನುಗ್ಗಿದರು. 1863ರಲ್ಲಿ ಸರ್ಕಾರ ಹೊಸ ಒಪ್ಪಂದವನ್ನು ತಂದು ಮೀಸಲನ್ನು ಹತ್ತರಲ್ಲೊಂದು ಭಾಗಕ್ಕೆ ಕುಗ್ಗಿಸಿತು. ಸಹಿ ಹಾಕಿದವರು ಉಳಿದ ಭಾಗದೊಳಗೆ ಮನೆಯಿದ್ದ ನಾಯಕರು. ಕಳೆದುಕೊಂಡವರು ಸಹಿ ಹಾಕದವರು. ಟುಎಕಾಕಸ್ ಒಪ್ಪದೆ ಹಿಂದಿರುಗಿ, ಪಾದ್ರಿ ಕೊಟ್ಟಿದ್ದ ಧರ್ಮಗ್ರಂಥವನ್ನು ಹರಿದು ಹಾಕಿದನೆಂದು ಹೇಳುತ್ತಾರೆ. ನಿಮೀಪೂ ಜನ ಅದನ್ನು ಕಳ್ಳ ಒಪ್ಪಂದವೆಂದೇ ಕರೆದರು. 1871ರಲ್ಲಿ ವೃದ್ಧ ಕಣ್ಮುಚ್ಚಿದನು. ತಂದೆ ತಾಯಿಯರ ಮೂಳೆಗಳಿರುವ ನೆಲವನ್ನು ಎಂದಿಗೂ ಮಾರಬೇಡವೆಂಬುದು ಮಗನಿಂದ ಅವನು ಪಡೆದ ಕೊನೆಯ ಭಾಷೆ. ಮೂವತ್ತೊಂದು ವರ್ಷದ ಜೋಸೆಫ್ ನಾಯಕನಾದನು.

ಅವನು ಯುದ್ಧದ ಮನುಷ್ಯನಲ್ಲ. ಎತ್ತರದ ನಿಲುವು, ಮೆಲುದನಿ, ಅಪಾರ ತಾಳ್ಮೆ. ಆರು ವರ್ಷಗಳ ಕಾಲ ಅವನು ಮಾಡಿದ ಕೆಲಸವೆಂದರೆ ಅಧಿಕಾರಿಗಳೊಡನೆ ಮಾತುಕತೆ. 1873ರಲ್ಲಿ ಅಧ್ಯಕ್ಷ ಗ್ರಾಂಟ್ ವಲ್ಲೋವಾದ ಒಂದು ಭಾಗವನ್ನು ಅವರಿಗೇ ಕಾಯ್ದಿರಿಸಿ ಆಜ್ಞೆ ಹೊರಡಿಸಿದನು. 1875ರಲ್ಲಿ ಆತನೇ ಆ ಆಜ್ಞೆಯನ್ನು ಹಿಂತೆಗೆದುಕೊಂಡನು. 1876ರಲ್ಲಿ ಸೇನೆಯ ಅಧಿಕಾರಿ ಹೆನ್ರಿ ಕ್ಲೇ ವುಡ್, 1863ರ ಒಪ್ಪಂದ ಜೋಸೆಫನ ಪಂಗಡವನ್ನು ಕಟ್ಟಿಹಾಕಲಾರದೆಂದು ವರದಿ ಬರೆದನು. ಆ ವರದಿ ಕಡತದಲ್ಲಿ ಉಳಿಯಿತು. 1877ರ ಮೇ ತಿಂಗಳಲ್ಲಿ ಸೇನಾಪತಿ ಆಲಿವರ್ ಹೋವರ್ಡ್ ಲ್ಯಾಪ್‌ವೈಯಲ್ಲಿ ಸಭೆ ಕರೆದನು. ಭೂಮಿ ಮಾರುವ ವಸ್ತುವಲ್ಲವೆಂದು ವಾದಿಸಿದ ವೃದ್ಧ ಗುರು ಟೂಹೂಲ್‌ಹೂಲ್‌ಜೋಟನನ್ನು ಸೆರೆಯಲ್ಲಿರಿಸಿ, ಉಳಿದವರೆಲ್ಲ ಮೂವತ್ತು ದಿನಗಳಲ್ಲಿ ಮೀಸಲಿನೊಳಗೆ ಬಂದು ಸೇರಬೇಕೆಂದು ಆಜ್ಞಾಪಿಸಿದನು.

ಜೋಸೆಫ್ ಒಪ್ಪಿದನು. ಒಪ್ಪದಿದ್ದರೆ ಯುದ್ಧವೆಂದೂ ಯುದ್ಧವಾದರೆ ಸರ್ವನಾಶವೆಂದೂ ಅವನಿಗೆ ತಿಳಿದಿತ್ತು. ಹಿಮ ಕರಗಿ ಉಕ್ಕಿ ಹರಿಯುತ್ತಿದ್ದ ಸ್ನೇಕ್ ನದಿಯನ್ನು ಮಕ್ಕಳು ಮುದುಕರೊಡನೆ ದಾಟಿಸಿದನು. ಎಷ್ಟೋ ದನಗಳೂ ಕುದುರೆಗಳೂ ಪ್ರವಾಹದ ಪಾಲಾದುವು. ಗಡುವಿಗೆ ಇನ್ನೂ ಕೆಲವು ದಿನಗಳಿದ್ದುವು. ಮೀಸಲಿನ ಗಡಿಯ ಹತ್ತಿರವೇ ಕ್ಯಾಮಸ್ ಪ್ರೇರಿ ಎಂಬ ವಿಶಾಲವಾದ ಬಯಲು. ಜೂನ್ ತಿಂಗಳು, ಗೆಡ್ಡೆ ತೆಗೆಯುವ ಕಾಲ. ಒಪ್ಪಂದಕ್ಕೆ ಸೇರದ ಪಂಗಡಗಳೆಲ್ಲ ಅಲ್ಲಿನ ಟೋಲೋ ಸರೋವರದ ಬಳಿ ಬಿಡಾರ ಹೂಡಿದುವು. ಹೆಂಗಸರು ಅಗೆದರು, ಗಂಡಸರು ಕುದುರೆ ಓಡಿಸಿದರು. ಸ್ವತಂತ್ರರಾಗಿ ಮಾಡುವ ಕೊನೆಯ ಸುಗ್ಗಿಯೆಂಬುದು ಎಲ್ಲರಿಗೂ ಗೊತ್ತಿತ್ತು. ಎಂದಿನ ಸುಗ್ಗಿಯಾಗಿದ್ದರೆ ಚಳಿಗಾಲದ ದವಸದೊಡನೆ ಊರಿಗೆ ತೆರಳುತ್ತಿದ್ದರು. ಈ ಸಲ ತೆರಳಲು ಊರೇ ಇರಲಿಲ್ಲ.

ಜೂನ್ ಮಧ್ಯದಲ್ಲಿ, ತಂದೆಯನ್ನು ಬಿಳಿಯನೊಬ್ಬನ ಕೈಯಲ್ಲಿ ಕಳೆದುಕೊಂಡಿದ್ದ ತರುಣನೊಬ್ಬ ಸಂಗಡಿಗರೊಡನೆ ಬಿಡಾರದಿಂದ ಹೊರಟು ವಲಸಿಗರನ್ನು ಕೊಂದನು. ಜೋಸೆಫ್ ಆ ಹೊತ್ತಿಗೆ ತಮ್ಮ ಒಲ್ಲೋಕಟನೊಡನೆ ಸ್ಯಾಮನ್ ನದಿಯಾಚೆ ಮಾಂಸ ತರಲು ಹೋಗಿದ್ದನು. ಅದೇ ದಿನಗಳಲ್ಲಿ ಅವನ ಹೆಂಡತಿ ಹೆಣ್ಣುಮಗುವನ್ನು ಹೆತ್ತಳು. ಹಿಂದಿರುಗಿ ಬಂದಾಗ ಬಿಡಾರ ಕಿತ್ತಾಗಿತ್ತು. ಆರು ವರ್ಷದ ಮಾತುಕತೆ ಒಂದು ರಾತ್ರಿಯಲ್ಲಿ ಮಣ್ಣುಗೂಡಿತ್ತು. ಅವನು ತನ್ನ ಜನರನ್ನು ಬಿಟ್ಟುಹೋಗಲಿಲ್ಲ.

ಜೂನ್ 17ರಂದು ವೈಟ್ ಬರ್ಡ್ ಕಣಿವೆಯಲ್ಲಿ 34 ಸೈನಿಕರು ಮಡಿದರು. ಜುಲೈ 11 ಮತ್ತು 12ರಂದು ಕ್ಲಿಯರ್‌ವಾಟರ್ ನದಿಯ ಬಳಿ ಮತ್ತೆ ಕಾಳಗವಾಯಿತು. ಅಲ್ಲಿಂದ ಡೇರೆಗಳನ್ನೂ ಆಹಾರವನ್ನೂ ಬಿಟ್ಟು ಹೊರಟವರು ಸೇರಿದ್ದು ವೀಯೈಪ್ ಬಯಲಿಗೆ. ಎಪ್ಪತ್ತೆರಡು ವರ್ಷಗಳ ಹಿಂದೆ ಅವರ ಹಿರಿಯರು ಹಸಿದ ಬಿಳಿಯರಿಗೆ ರೊಟ್ಟಿಯಿಕ್ಕಿದ ಅದೇ ಬಯಲಿನಲ್ಲಿ, ನಾಡನ್ನು ಬಿಟ್ಟು ಪೂರ್ವಕ್ಕೆ ಹೋಗುವ ನಿರ್ಧಾರವಾಯಿತು. ಏಳುನೂರೈವತ್ತಕ್ಕೆ ಕಡಿಮೆಯಿಲ್ಲದ ಜನ. ಅವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಲೂಯಿಸ್ ಮತ್ತು ಕ್ಲಾರ್ಕ್ ಬಂದ ಪರ್ವತದ ದಾರಿಯನ್ನೇ ಹಿಡಿದು ಇವರು ಹೊರಟರು.

ಪತ್ರಿಕೆಗಳು ಜೋಸೆಫನನ್ನು ಕೆಂಪು ನೆಪೋಲಿಯನ್ ಎಂದು ಕೊಂಡಾಡಿದುವು. ಇದು ಸರಿಯಲ್ಲ. ದಂಡಿನ ದಾರಿಯನ್ನು ನಿರ್ಧರಿಸುತ್ತಿದ್ದವರು ಲುಕಿಂಗ್ ಗ್ಲಾಸ್ ಮೊದಲಾದ ಬೇರೆ ನಾಯಕರು. ಜೋಸೆಫನ ಪಾಲಿಗಿದ್ದುದು ಬಿಡಾರದ ಹೊಣೆ: ಎಳೆಯರು, ವೃದ್ಧರು, ಗಾಯಗೊಂಡವರು, ಕುದುರೆಗಳು. ನನ್ನ ಮಟ್ಟಿಗೆ ಇದು ಅವನನ್ನು ಕಿರಿದು ಮಾಡುವುದಿಲ್ಲ. ಆಗಸ್ಟ್ 9ರ ಬೆಳಕು ಹರಿಯುವ ಹೊತ್ತಿನಲ್ಲಿ ಬಿಗ್ ಹೋಲ್ ಎಂಬಲ್ಲಿ ನಿದ್ರಿಸುತ್ತಿದ್ದ ಬಿಡಾರದ ಮೇಲೆ ಸೈನ್ಯ ಎರಗಿದಾಗ ಸತ್ತವರಲ್ಲಿ ಹೆಂಗಸರೂ ಮಕ್ಕಳೂ ಬಹಳ. ಆಗಸ್ಟ್ 20ರಂದು ಕ್ಯಾಮಸ್ ಮೆಡೋಸ್ ಎಂಬಲ್ಲಿ ನಿಮೀಪೂ ತರುಣರು ಹೋವರ್ಡನ ಹೇಸರಗತ್ತೆಗಳನ್ನು ಹೊಡೆದುಕೊಂಡು ಹೋದರು. ಹೆಸರನ್ನು ಗಮನಿಸಬೇಕು: ಅದೂ ಒಂದು ಗೆಡ್ಡೆಯ ಬಯಲೇ. ಆದರೆ ಅಲ್ಲಿ ಗುಂಡಿ ತೋಡಿ ಒಂದೆರಡು ದಿನ ಕಾದು ಕೂರುವ ಬಿಡುವು ಯಾರಿಗಿತ್ತು?

ಸುಮಾರು 1,170 ಮೈಲಿಗಳ ಆ ಪಯಣ ಕೆನಡಾದ ಗಡಿಗೆ 40 ಮೈಲಿ ಉಳಿದಿರುವಾಗ ಬೇರ್ ಪಾ ಬೆಟ್ಟಗಳ ಬಳಿ ನಿಂತಿತು. ಸೇನಾಧಿಕಾರಿ ನೆಲ್ಸನ್ ಮೈಲ್ಸನ ಮುತ್ತಿಗೆ ಸೆಪ್ಟೆಂಬರ್ 30ರಿಂದ ಐದು ದಿನ ನಡೆಯಿತು. ಒಲ್ಲೋಕಟ್, ಟೂಹೂಲ್‌ಹೂಲ್‌ಜೋಟ್, ಲುಕಿಂಗ್ ಗ್ಲಾಸ್ ಅಲ್ಲಿಯೇ ಬಿದ್ದರು. ಅಕ್ಟೋಬರ್ 5ರಂದು ಜೋಸೆಫ್ ಕೋವಿಯನ್ನು ಒಪ್ಪಿಸಿದನು. ಆಗ ಅವನು ಆಡಿದನೆಂಬ ಪ್ರಸಿದ್ಧವಾದ ಮಾತುಗಳನ್ನು ನಾನಿಲ್ಲಿ ಎತ್ತಿ ಹೇಳುವುದಿಲ್ಲ. ಅವು ದುಭಾಷಿಯ ಬಾಯಿಂದ ಬಂದು, ಸೈನ್ಯದ ಅಧಿಕಾರಿಯೊಬ್ಬನ ಲೇಖನಿಯಲ್ಲಿ ರೂಪುಗೊಂಡವು. ಅವನವೆಷ್ಟು, ಬರೆದವನವೆಷ್ಟು ಎಂಬುದು ಇಂದಿಗೂ ವಿದ್ವಾಂಸರ ಚರ್ಚೆ. ಚಳಿ, ಹಸಿವು, ಮಕ್ಕಳ ಚಿಂತೆ ಮಾತ್ರ ಅವನದೇ ಎಂಬುದರಲ್ಲಿ ಸಂದೇಹವಿಲ್ಲ.

ಊರಿಗೆ ಕಳುಹಿಸುವೆನೆಂದು ಮೈಲ್ಸ್ ಕೊಟ್ಟ ಮಾತು ನಡೆಯಲಿಲ್ಲ. ಮೇಲಿನವರು 400ಕ್ಕೂ ಹೆಚ್ಚು ಜನರನ್ನು ಕ್ಯಾನ್ಸಸಿಗೂ, ಅಲ್ಲಿಂದ ಇಂದಿನ ಓಕ್ಲಹೋಮಾದ ಸೆಕೆಯ ಬಯಲಿಗೂ ಸಾಗಿಸಿದರು. ನಿಮೀಪೂ ಜನ ಅದನ್ನು ಬಿಸಿ ನಾಡೆಂದು ಕರೆದರು. ಮಲೇರಿಯಾ ಅವರನ್ನು ಮುರಿಯಿತು. ಎಳೆಯ ಮಕ್ಕಳು ಉಳಿಯುವುದೇ ದುರ್ಲಭವಾಯಿತು. ಗೆಡ್ಡೆಯ ಬಯಲಿಲ್ಲ, ಸ್ಯಾಮನ್ ಮೀನಿಲ್ಲ. ಸರ್ಕಾರ ಅಳೆದು ಕೊಡುವ ಪಡಿತರ ಮಾತ್ರ. ಸುಗ್ಗಿಯ ದಿನಗಳಲ್ಲಿ ಹುಟ್ಟಿ ಯುದ್ಧವನ್ನೆಲ್ಲ ತಾಯಿಯ ಮಡಿಲಲ್ಲಿ ಕಳೆದಿದ್ದ ಜೋಸೆಫನ ಮಗಳು ಆ ನೆಲದಲ್ಲಿ ತೀರಿಕೊಂಡಳು.

1878ರಲ್ಲಿ, ಇತ್ತ ಇವರು ಗಡಿಪಾರಿನಲ್ಲಿರುವಾಗ, ಐಡಾಹೊದ ದಕ್ಷಿಣದಲ್ಲಿ ಇದೇ ಹೆಸರಿನ ಇನ್ನೊಂದು ಕ್ಯಾಮಸ್ ಪ್ರೇರಿಯಲ್ಲಿ ಬ್ಯಾನಕ್ ಎಂಬ ಜನರ ಯುದ್ಧ ಹೊತ್ತಿಕೊಂಡಿತು. ಅಲ್ಲಿ ವಲಸಿಗರ ಹಂದಿಗಳು ಗೆಡ್ಡೆಗಳನ್ನು ಬೇರುಸಹಿತ ಕೆದರಿ ತಿಂದಿದ್ದುವು. 1868ರ ಒಪ್ಪಂದದಲ್ಲಿ ಆ ಬಯಲು ಬ್ಯಾನಕರಿಗೆ ಮೀಸಲೆಂದು ಮಾತಾಗಿತ್ತು. ಬರೆದ ಕಾಗದದಲ್ಲಿ ಮಾತ್ರ ಕ್ಯಾಮಸ್ ಎಂಬುದು ಕ್ಯಾನ್ಸಸ್ ಆಗಿತ್ತು. ಬರವಣಿಗೆಯ ಆ ತಪ್ಪನ್ನು ಯಾರೂ ತಿದ್ದಲಿಲ್ಲ. ಒಂದು ಜನದ ಅನ್ನದ ಹೆಸರನ್ನು ಸರಿಯಾಗಿ ಕೇಳಿಸಿಕೊಳ್ಳುವ ವ್ಯವಧಾನವೂ ಆಳುವವರಿಗೆ ಇರಲಿಲ್ಲ.

ಜೋಸೆಫನಿಗೆ ಉಳಿದ ಆಯುಧ ಮತ್ತೆ ಮಾತೇ. 1879ರಲ್ಲಿ ರಾಜಧಾನಿಗೆ ಹೋಗಿ ರಾಜಕಾರಣಿಗಳ ಮುಂದೆ ತನ್ನ ಜನರ ಅಹವಾಲನ್ನು ಹೇಳಿದನು. ಅದೇ ವರ್ಷ ಅವನ ಹೇಳಿಕೆ ಪ್ರತಿಷ್ಠಿತ ಮಾಸಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಕೊನೆಗೆ 1885ರಲ್ಲಿ 268 ಜನ ವಾಯವ್ಯಕ್ಕೆ ಹಿಂದಿರುಗಿದರು. ಅವರಲ್ಲಿ 118 ಜನರಿಗೆ ಲ್ಯಾಪ್‌ವೈ ಸಿಕ್ಕಿತು. ಜೋಸೆಫನೂ ಸೇರಿ ಉಳಿದ 150 ಜನರನ್ನು ಇಂದಿನ ವಾಷಿಂಗ್ಟನ್ ಸಂಸ್ಥಾನದ ಕಾಲ್ವಿಲ್ ಮೀಸಲಿಗೆ, ಬೇರೆ ಜನರ ನಡುವೆ ಬಿಟ್ಟರು. ವಲ್ಲೋವಾ ಯಾರಿಗೂ ಸಿಗಲಿಲ್ಲ. ಅವನು ಗಡಿಪಾರಿನಲ್ಲಿದ್ದಾಗಲೇ, 1880ರಲ್ಲಿ, ಆ ಕಣಿವೆಯ ಬಿಳಿಯರು ತಮ್ಮ ಪೇಟೆಗೆ ಜೋಸೆಫ್ ಎಂದು ಹೆಸರಿಟ್ಟಿದ್ದರು!

ಮುಂದೆ ಸರ್ಕಾರ ಲ್ಯಾಪ್‌ವೈ ಮೀಸಲನ್ನು ತಲೆಗಿಷ್ಟೆಂದು ತುಂಡುಮಾಡಿ ಹಂಚಿತು. ಹಂಚಿ ಮಿಕ್ಕದ್ದೆಂದು 5 ಲಕ್ಷ ಎಕರೆಗೂ ಹೆಚ್ಚು ಭೂಮಿ 1895ರಲ್ಲಿ ವಲಸಿಗರಿಗೆ ತೆರೆಯಿತು. ತನಗೂ ಒಂದು ತುಂಡು ಕೊಡಲು ಬಂದಾಗ ಜೋಸೆಫ್ ಬೇಡವೆಂದನು. ವಲ್ಲೋವಾ ಅಲ್ಲದ ನೆಲ ಅವನಿಗೆ ತನ್ನದಾಗಿರಲಿಲ್ಲ. 1899ರಲ್ಲಿಯೂ 1900ರಲ್ಲಿಯೂ ಅವನು ಆ ಕಣಿವೆಗೆ ಹೋಗಿ, ಒಂದಿಷ್ಟು ಜಾಗವನ್ನು ಕೊಂಡುಕೊಳ್ಳಲಾದರೂ ಬಿಡಿರೆಂದು ಬೇಡಿದನು. ಅಲ್ಲಿನವರು ಒಪ್ಪಲಿಲ್ಲ. ಬಿಳಿಯನೊಬ್ಬ ತಂದೆಯ ಸಮಾಧಿಗೆ ಬೇಲಿ ಕಟ್ಟಿ ನೋಡಿಕೊಳ್ಳುತ್ತಿದ್ದುದನ್ನು ಕಂಡು ಅವನು ಕಣ್ಣೀರಿಟ್ಟನಂತೆ. ಬೇಲಿಗಳಿಂದಲೇ ಎಲ್ಲವನ್ನೂ ಕಳೆದುಕೊಂಡವನು ಅಂದು ಒಂದು ಬೇಲಿಗೆ ಕೃತಜ್ಞನಾದನು.

1904ರ ಸೆಪ್ಟೆಂಬರ್ 21ರಂದು ಕಾಲ್ವಿಲ್ಲಿನ ನೆಸ್ಪೀಲಮ್ ಎಂಬ ಹಳ್ಳಿಯಲ್ಲಿ, ಡೇರೆಯ ಬೆಂಕಿಯ ಮುಂದೆ ಕುಳಿತಿದ್ದಂತೆಯೇ ಜೋಸೆಫ್ ಪ್ರಾಣ ಬಿಟ್ಟನು. ಎದೆಯೊಡೆದು ಸತ್ತನೆಂದು ಅಲ್ಲಿನ ವೈದ್ಯ ಹೇಳಿದನು. ಅವನ ಸಮಾಧಿಯೂ ಅಲ್ಲಿಯೇ ಇದೆ.

ಕ್ಯಾಮಸ್ ಪ್ರೇರಿ ಇಂದಿಗೂ ನಕ್ಷೆಯಲ್ಲಿ ಅದೇ ಹೆಸರಿನಿಂದ ಇದೆ. ಬಯಲಿನಲ್ಲಿ ಗೋಧಿ ಬೆಳೆಯುತ್ತದೆ. ನೀರು ನಿಲ್ಲುತ್ತಿದ್ದ ತಗ್ಗುಗಳು ಬಸಿದು ಹೋಗಿವೆ, ನೇಗಿಲು ಆಡಿದ ಕಡೆ ನೀಲಿ ಹೂವಿಲ್ಲ. ಆದರೂ ಕಥೆ ಅಲ್ಲಿಗೆ ಮುಗಿದಿಲ್ಲ. ವೀಯೈಪ್ ಬಯಲಿನ ಒಂದು ಭಾಗ ಈಗ ನೆಜ್ ಪರ್ಸ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನಕ್ಕೆ ಸೇರಿದೆ. ಅಲ್ಲಿ ಕ್ಯಾಮಸ್ ಇನ್ನೂ ಹೂಬಿಡುತ್ತದೆ. ಮಸೆಲ್‌ಶೆಲ್ ಎಂಬ ಬಯಲಿನಲ್ಲಿ ನಿಮೀಪೂ ಕುಟುಂಬಗಳು ಇಂದಿಗೂ ಗೆಡ್ಡೆ ಅಗೆಯುತ್ತವೆ. 2021ರಲ್ಲಿ, ಜೋಸೆಫ್ ಪೇಟೆಯ ಪಕ್ಕದಲ್ಲಿ ತಾವೇ ಕೊಂಡ 148 ಎಕರೆ ನೆಲಕ್ಕೆ ನಿಮೀಪೂ ಜನ ಕುದುರೆಗಳ ಮೇಲೆ ಮೆರವಣಿಗೆಯಲ್ಲಿ ಮರಳಿ ಬಂದರು. ಅವರ ನಾಯಕ ಬೇಡಿ ಪಡೆಯಲಾರದೆ ಹೋದದ್ದು ನೂರಿಪ್ಪತ್ತು ವರ್ಷಗಳ ಮೇಲೆ, ಅದೂ ಹಣ ತೆತ್ತು, ಅವರ ಕೈಗೆ ಬಂದಿತು.

ಅಂದು ಎದ್ದುನಿಂತು ಕೇಳಿದ ವಿದ್ಯಾರ್ಥಿನಿ ಈಗ ಎಲ್ಲಿದ್ದಾಳೆಂದು ನಾನರಿಯೆ. ಅವಳಿಗೆ ಕೊಡಬೇಕಾಗಿದ್ದ ಉತ್ತರ ಇದು, ಬಹಳ ತಡವಾಯಿತು. ಈಗ ಜೋಸೆಫನನ್ನು ನೆನೆದಾಗಲೆಲ್ಲ ನನಗೆ ಕೋವಿ ಒಪ್ಪಿಸುವ ನಾಯಕನ ಚಿತ್ರಕ್ಕಿಂತ ಮೊದಲು ಟೋಲೋ ಸರೋವರದ ಬಳಿಯ ಆ ಜೂನ್ ತಿಂಗಳೇ ಕಣ್ಣಿಗೆ ಕಟ್ಟುತ್ತದೆ: ದೊಡ್ಡ ಗೆಡ್ಡೆಯನ್ನು ಬುಟ್ಟಿಗೆ ಹಾಕಿ, ಚಿಕ್ಕದನ್ನು ಮುಂದಿನ ವರ್ಷಕ್ಕೆಂದು ಮರಳಿ ಮಣ್ಣಿಗೆ ಸೇರಿಸುತ್ತಿರುವ ಹೆಂಗಸರು.